ಆಯೇರಿ ಗಾಡಿ

ನಮ್ಮ ಮಾವನಿಗೆ ಮದುವೆಯ ಕರೆಯೋಲೆ ಕೊಡಲು ಹೊರಟವರಿಗೆ ನನ್ನದೊಂದು ಕಿವಿಮಾತಿದೆ. ಹೋಗುವ ಮೊದಲು ನಿಮ್ಮ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ. ದನದ ಕೊಟ್ಟಿಗೆಯ ಮೂಲೆಯಲ್ಲಿ ಇಣುಕಿ, ಅಟ್ಟದ ಮೇಲೆ ಕೈಯಾಡಿಸಿ ನೋಡಿ. ತುಕ್ಕು ಹಿಡಿದ ಮೋಟರ್ ಸೈಕಲ್ಲಿನ ಯಾವುದಾದರೂ ಅಂಗಾಂಗ ಬಿದ್ದಿದೆಯೇ? ಹಾಗಾದರೆ ಧೈರ್ಯವಾಗಿ ಹೋಗಿ. ಮಾವ ಬಂಧುಬಳಗ ಸಮೇತ ಬರುತ್ತಾರೆ, ಬಡಿಸಿದ್ದನ್ನೆಲ್ಲ ಉಣ್ಣುತ್ತಾರೆ, ವಧೂವರರನ್ನು ಮನಸಾರೆ ಹರಸುತ್ತಾರೆ. ಏನೂ ಸಿಗಲಿಲ್ಲವೇ? ಆಗಲೂ ಬರುತ್ತಾರೆ. ಆದರೆ ಊಟ ಮುಗಿಸಿ ಕೈ ತೊಳೆಯಲು ಹೋದವರು ಬಹಳ ಹೊತ್ತಾದರೂ ಕಾಣಿಸದಿದ್ದರೆ ಗಾಬರಿಯಾಗಬೇಡಿ. ನಿಮ್ಮ ಹಿತ್ತಲನ್ನು ಅವರೇ ನೋಡುತ್ತಿರುತ್ತಾರೆ!

ಮಾವ ಎಂದರೆ ನನ್ನ ತಾಯಿಯ ತಮ್ಮ. ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಇಲ್ಲಿ ಅವರ ಹೆಸರು ಬರೆದರೆ ಸಿಟ್ಟಾಗುವವರಲ್ಲ. ಅಂಗಡಿಗೆ ಬಂದ ರೈತರನ್ನೆಲ್ಲ ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಹೇಳುತ್ತಾರೆ. ಆ ಭಯಕ್ಕೇ ಹೆಸರು ಬರೆಯುತ್ತಿಲ್ಲ. ಯಂತ್ರಗಳಿಗೂ ಅವರಿಗೂ ಮೊದಲು ಯಾವ ಸಂಬಂಧವೂ ಇರಲಿಲ್ಲ. ಸೈಕಲ್ಲಿನ ಚೈನು ಕಳಚಿದರೆ ರಸ್ತೆಯಲ್ಲಿ ಹೋಗುವವರನ್ನು ಕರೆದು ಹಾಕಿಸಿಕೊಂಡು, ಚಹಾ ಕುಡಿಸಿ ಕಳಿಸುತ್ತಿದ್ದ ಮನುಷ್ಯ. ಅಂಥವರು ಒಂದು ಮೋಟರ್ ಸೈಕಲ್ಲನ್ನು, ಅದೂ ದೂರದ ಪ್ರಯಾಣದ ಮೋಟರ್ ಸೈಕಲ್ಲನ್ನು, ನಟ್ಟು ಬೋಲ್ಟಿನಿಂದ ಹಿಡಿದು ತಾವೇ ಕಟ್ಟಿದರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಅತ್ತೆಯ ಹೊಟ್ಟೆ. ಅತ್ತೆಗೆ ಬಸ್ಸು ಆಗಿಬರುವುದಿಲ್ಲ. ಎಷ್ಟೋ ಜನರಿಗೆ ಆಗಿಬರುವುದಿಲ್ಲ, ಕಿಟಕಿಯ ಪಕ್ಕ ಕೂಡಿಸಿ ಕೈಗೊಂದು ನಿಂಬೆಹಣ್ಣು ಕೊಟ್ಟರೆ ಆಯಿತು ಎನ್ನುತ್ತೀರಿ. ಅತ್ತೆಯದು ಆ ದರ್ಜೆಯದಲ್ಲ. ಬಸ್ ನಿಲ್ದಾಣದ ಕಡೆಯಿಂದ ಗಾಳಿ ಬೀಸಿದರೆ ಸಾಕು, ಸೆರಗು ಮೂಗಿಗೆ ಹೋಗುತ್ತದೆ. ಕಾರಿನ ಬಾಗಿಲು ಹಾಕಿದ ಸದ್ದಿಗೇ ಕಣ್ಣು ಮೇಲಾಗುತ್ತವೆ. ರಾಯಚೂರಿನಲ್ಲಿ ಒಮ್ಮೆ ರೈಲು ಹತ್ತಿಸಿ ನೋಡಿದ್ದರು. ಮುಂದಿನ ನಿಲ್ದಾಣದಲ್ಲೇ ಇಳಿಸಿಕೊಂಡು ಬಂದರು. ನಾಲ್ಕು ಕಡೆ ಗೋಡೆಯಿದ್ದು ಮುಂದಕ್ಕೆ ಚಲಿಸುವ ಯಾವುದೂ ಅತ್ತೆಗೆ ಸೇರದು. ಇದು ಅವರಿಗೆ ತಾಯಿಯಿಂದ ಬಂದ ಆಸ್ತಿ. ಇದರಲ್ಲಿ ಅವರ ಅಕ್ಕನಿಗೂ ಸಮಪಾಲು ಸಿಕ್ಕಿದೆ.

ಆ ಅಕ್ಕ ಇರುವುದು ದೂರದ ಸೊಲ್ಲಾಪುರದಲ್ಲಿ. ಇಬ್ಬರ ತವರೂ ಪಾಮನಕಲ್ಲೂರು, ಈಗ ಅಲ್ಲಿ ಅವರ ತಮ್ಮನ ಸಂಸಾರವಿದೆ. ಒಬ್ಬಳನ್ನು ಸಿಂಧನೂರಿಗೆ ಕೊಟ್ಟರು, ಇನ್ನೊಬ್ಬಳನ್ನು ಸೊಲ್ಲಾಪುರಕ್ಕೆ ಕೊಟ್ಟರು. ಕೊಟ್ಟ ಹಿರಿಯರು ಮನೆತನ ನೋಡಿದರು, ಹೊಲ ನೋಡಿದರು, ಗಂಡಿನ ನಡತೆ ವಿಚಾರಿಸಿದರು. ನಡುವೆ ಎಷ್ಟು ದಾರಿ ಇದೆ ಎಂದು ಮಾತ್ರ ನೋಡಲಿಲ್ಲ. ಅಕ್ಕತಂಗಿಯರು ಕೊನೆಯ ಸಲ ಮುಖಾಮುಖಿ ಕಂಡದ್ದು ತಾಯಿ ತೀರಿಕೊಂಡಾಗ. ಅಂದು ಸೊಲ್ಲಾಪುರದಿಂದ ಬಂದಿಳಿದ ಅಕ್ಕನ ಸ್ಥಿತಿ ನೋಡಿ, ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಅವರ ಆರೈಕೆಗೆ ನಿಂತರಂತೆ. ಅದಾಗಿ ಎಷ್ಟೋ ವರ್ಷಗಳಾದವು. ಇಬ್ಬರಿಗೂ ಮೊಣಕಾಲು ನೋವು ಶುರುವಾಗಿದೆ, ಕೂದಲು ಬೆಳ್ಳಗಾಗಿದೆ.

ಮುಖ ಕಾಣುವ ಫೋನು ಬಂದ ಮೇಲೆ ಒಂದು ದಾರಿಯಾಯಿತು. ಸಂಜೆಯಾದರೆ ಅತ್ತೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಅಕ್ಕನ ಜೊತೆ ಮಾತಿಗೆ ಕೂರುತ್ತಿದ್ದರು. ಒಂದು ದಿನ ಮಾವ ಪಕ್ಕದಲ್ಲಿ ಉಣ್ಣುತ್ತಾ ಕೂತಿದ್ದಾಗ ಮಾತು ಇದ್ದಕ್ಕಿದ್ದಂತೆ ನಿಂತಿತು. ಎಷ್ಟು ಹೊತ್ತಾದರೂ ಸದ್ದಿಲ್ಲ.

"ಯಾಕ, ನೆಟ್‌ವರ್ಕ್ ಹೋತೇನು?" ಎಂದರು ಮಾವ.

"ಇಲ್ರೀ, ಐತಿ. ಸುಮ್ನ ನೋಡಾಕತ್ತೀವಿ," ಎಂದರು ಅತ್ತೆ.

ಮಾವ ಮುಂದಿನ ರೊಟ್ಟಿ ಬೇಡವೆಂದು ಎದ್ದರು. ನಾನು ಲಿಂಗಸುಗೂರಿನಲ್ಲಿ ಗಣಿತದ ಮೇಷ್ಟ್ರು. ಮರುದಿನ ಪಾಠದ ನಡುವೆ ನನಗೆ ಅವರ ಫೋನು.

"ಅಳಿಯಾ, ಗಾಡಿ ಕಟ್ಟಾಕತ್ತೀನಿ. ನಿಮ್ಮತ್ತಿನ್ನ ಸೊಲ್ಲಾಪುರಕ್ಕ ಕರಕೊಂಡು ಹೋಗ್ತೀನಿ. ಬಯಲಾಗ ಕುಂತ್ರ ಆಕಿ ಹೊಟ್ಟಿಗೆ ಏನೂ ಆಗಾಂಗಿಲ್ಲ."

"ಕಟ್ಟೋದ್ಯಾಕ ಮಾವ? ಅಂಗಡ್ಯಾಗ ಸಾಲಾಗಿ ನಿಂತಾವಲ್ಲ, ಒಂದು ತಗೋರಿ."

"ಎಲ್ಲಾ ನೋಡಿ ಬಂದೀನಿ. ಮುಂದ ಕುಂತವ ಆರಾಮ ಹೋಗ್ಲಿ ಅಂತ ಮಾಡ್ಯಾರ. ಹಿಂದ ಕುಂತಾಕಿ ಬೀಳಲಿಲ್ಲ ಅಂದ್ರ ಸಾಕು ಅಂತ ಮಾಡ್ಯಾರ!"

ಈ ಮಾತು ಸುಳ್ಳಲ್ಲ. ಅತ್ತೆ ಸೀರೆಯುಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವವರು. ಮಾವನ ಹಳೆಯ ಗಾಡಿಯಲ್ಲಿ ಸಿಂಧನೂರಿನಿಂದ ಮಸ್ಕಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದು, ಇಳಿದ ಮೇಲೂ ಕೂತ ಭಂಗಿಯಲ್ಲೇ ಇರುತ್ತಿದ್ದರು. ಒಮ್ಮೆ ಬಯಲಾಗಿರುತ್ತದೆಂದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂಡಿಸಿಕೊಂಡು ಹೋಗಿ ನೋಡಿದರು. ಹೊಟ್ಟೆಗೇನೂ ಆಗಲಿಲ್ಲ, ಮೂಳೆಗಳು ಮಾತ್ರ ಜಾಗ ಬದಲಿಸಿದವು. "ನನ್ನ ಭತ್ತದ ಚೀಲ ಅಂತ ತಿಳಕೊಂಡೀರೇನು?" ಎಂದು ಅತ್ತೆ ಒಂದು ವಾರ ಮಾತು ಬಿಟ್ಟಿದ್ದರಂತೆ.

ಗಾಡಿ ಕಟ್ಟುವುದೇನೋ ಸರಿ, ಸಾಮಾನು ಎಲ್ಲಿಂದ? ಇಲ್ಲಿಯೇ ನಮ್ಮ ಮಾವ ಲೋಕದಲ್ಲಿ ಯಾರಿಗೂ ಹೊಳೆಯದ ದಾರಿ ಹುಡುಕಿದ್ದು: ಆಯೇರಿ!

ಆಯೇರಿ ಎಂದರೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮದುವೆ, ತೊಟ್ಟಿಲು, ಗೃಹಪ್ರವೇಶ ಏನೇ ಇರಲಿ, ಬಂದ ಬೀಗರನ್ನೂ ಹಿರಿಯರನ್ನೂ ಕೂಡಿಸಿ, ಕುಂಕುಮ ಹಚ್ಚಿ, ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದಕ್ಕೆ ಆಯೇರಿ ಎನ್ನುತ್ತಾರೆ. ಗಂಡಸರಿಗೆ ಟವೆಲ್ಲು, ಅಂಗಿಯ ಬಟ್ಟೆ. ಹೆಂಗಸರಿಗೆ ಸೀರೆ, ಕುಪ್ಪಸದ ಕಣ. ಈ ಅಂಗಿಯ ಬಟ್ಟೆಯನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಆಯೇರಿ ಮಾಡುತ್ತಾರೆ. ಮಾವ ಲಿಂಗಸುಗೂರಿನಲ್ಲಿ ಯಾರಿಗೋ ಕೊಟ್ಟಿದ್ದ ಹಸಿರು ಗೆರೆಯ ಬಟ್ಟೆಯೊಂದು ಊರೂರು ತಿರುಗಿ, ಹಲವು ವರ್ಷಗಳ ನಂತರ ಮಸ್ಕಿಯ ಮದುವೆಯೊಂದರಲ್ಲಿ ಅವರ ತೊಡೆಯ ಮೇಲೇ ಬಂದು ಕೂತಿತ್ತು. ನಮ್ಮ ಬಳಗದಲ್ಲಿ ಅತಿ ಹೆಚ್ಚು ಪ್ರವಾಸ ಮಾಡಿದ್ದು ಆ ಬಟ್ಟೆಯೇ ಇರಬೇಕು!

ಮಾವ ವಿಚಾರ ಮಾಡಿದರು. ಕೊಡುವವರಿಗೂ ಬೇಡ, ತೆಗೆದುಕೊಳ್ಳುವವರಿಗೂ ಬೇಡ, ಇಂಥ ಬಟ್ಟೆ ಯಾಕೆ? ಪ್ರತಿ ಮನೆಯ ಹಿತ್ತಲಿನಲ್ಲೂ ಒಂದೊಂದು ಹಳೆಯ ಗಾಡಿ ಕೊಳೆಯುತ್ತಾ ಬಿದ್ದಿರುತ್ತದಲ್ಲ!

ಮೊದಲ ಪ್ರಯೋಗ ತುರ್ವಿಹಾಳದ ಬೀಗರ ಮನೆಯ ಮದುವೆಯಲ್ಲಿ ನಡೆಯಿತು. ಮಾವ ಹಿಂದಿನ ದಿನವೇ ಹೋಗಿ, "ನನಗ ಅಂಗಿ ಬಟ್ಟಿ ಬ್ಯಾಡ್ರಿ. ನಿಮ್ಮ ಕೊಟ್ಟಿಗ್ಯಾಗ ಆ ಹಳೇ ಗಾಡಿ ಟ್ಯಾಂಕ್ ಐತಲ್ಲ, ಅದನ್ನ ಆಯೇರಿ ಮಾಡ್ರಿ," ಎಂದರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಬೀಗರು ನಗುವುದನ್ನು ನಿಲ್ಲಿಸಿ, ಟ್ಯಾಂಕು ತೊಳೆಸಲು ಆಳನ್ನು ಕಳಿಸಿದರು.

ಮದುವೆಯ ಚಪ್ಪರದಲ್ಲಿ ಮೈಕು ಹಿಡಿದು ಆಯೇರಿ ಕೂಗುವವನಿಗೆ ಇದರ ಸುದ್ದಿ ಗೊತ್ತಿರಲಿಲ್ಲ. ಚೀಟಿ ನೋಡಿ ಓದುತ್ತಾ ಹೋದ: "ಸಿಂಧನೂರು ಮಾವನವರಿಗೆ ಬೀಗರ ಕಡಿಂದ ಒಂದು ಟವೆಲ್ಲು, ಒಂದು ತೆಂಗಿನಕಾಯಿ, ಒಂದು ಪೆ... ಪೆಟ್ರೋಲ್ ಟ್ಯಾಂಕು!" ಓಲಗದವರು ಒಂದು ಕ್ಷಣ ನಿಲ್ಲಿಸಿಬಿಟ್ಟರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಟ್ಯಾಂಕು ತಟ್ಟೆಯಲ್ಲಿ ಕೂತು ಬಂತು. ಮಾವ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಫೋಟೋಕ್ಕೆ ಕೂತರು. ಇಂದಿಗೂ ಆ ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳು ಮದುಮಗನನ್ನು ನೋಡುತ್ತಿಲ್ಲ, ಟ್ಯಾಂಕನ್ನು ನೋಡುತ್ತಿದ್ದಾಳೆ!

ಸುದ್ದಿ ಬಳಗದಲ್ಲೆಲ್ಲ ಹರಡಿತು. ಯಾರಿಗೆ ಬೇಡ ಹೇಳಿ? ಬಟ್ಟೆ ತರುವ ಓಡಾಟ ತಪ್ಪಿತು, ಹಿತ್ತಲೂ ಸ್ವಚ್ಛವಾಯಿತು! ಮಸ್ಕಿಯ ತೊಟ್ಟಿಲ ಕಾರ್ಯದಲ್ಲಿ ಹ್ಯಾಂಡಲ್ ಬಂತು. ಲಿಂಗಸುಗೂರಿನ ಗೃಹಪ್ರವೇಶದಲ್ಲಿ ಎಂಜಿನ್ನು ಬಂತು. ಅದನ್ನಿಟ್ಟಿದ್ದ ಮೂಲೆಯಲ್ಲಿ ಅಷ್ಟು ದಿನ ಕೋಳಿ ಮೊಟ್ಟೆಯಿಡುತ್ತಿತ್ತು, ಪಾಪ, ಅದಕ್ಕೆ ಮನೆ ಹೋಯಿತು. ಹೆಡ್‌ಲೈಟನ್ನು ಒಬ್ಬ ಅಜ್ಜಿ ಕುಪ್ಪಸದ ಕಣದಲ್ಲಿ ಸುತ್ತಿ, ಉಡಿ ತುಂಬಿ ಕೊಟ್ಟಳು. ಚೌಕಟ್ಟು ಮಾತ್ರ ಮಾವನ ಸ್ವಂತ ಹಳೆಯ ಗಾಡಿಯದು. ಸಾರಿಗೆ ಕಚೇರಿಯಲ್ಲಿ ಇದಕ್ಕೆಲ್ಲ ಒಪ್ಪಿಗೆ ಪಡೆದದ್ದು ಇನ್ನೊಂದು ಪುರಾಣ, ಅದನ್ನು ಬಿಡೋಣ.

ಆದರೆ ಮಾವ ಒಂದು ತಪ್ಪು ಮಾಡಿದ್ದರು. ಅಂಗಿಯ ಬಟ್ಟೆಯಾದರೆ ಟ್ರಂಕಿಗೆ ಹಾಕಿ ಮರೆಯಬಹುದು, ಮುಂದಕ್ಕೆ ದಾಟಿಸಬಹುದು. ಗಾಡಿಯ ಸಾಮಾನು ಎಲ್ಲರ ಕಣ್ಣೆದುರಿಗೆ ಇರುತ್ತದೆ! ಆಯೇರಿಯನ್ನು ಬೇಡವೆನ್ನುವಂತಿಲ್ಲ, ಅದು ಅವಮಾನ. ಕೊಟ್ಟವರು ಸಿಂಧನೂರಿಗೆ ಸಂತೆಗೆ ಬಂದಾಗ, "ನಮ್ಮದೆಲ್ಲಿ ಕುಂದ್ರಿಸೀರಿ?" ಎಂದು ನೋಡಲು ಬರುತ್ತಿದ್ದರು. ಕಾಣದಿದ್ದರೆ ಮುಖ ಸಣ್ಣದಾಗುತ್ತಿತ್ತು. ಹೀಗಾಗಿ ಗಾಡಿಗೆ ಮೂರು ಹಾರನ್ನುಗಳಾದವು; ಒಂದು ಲಾರಿಯದು, ಒಂದು ಸ್ಕೂಟರಿನದು, ಒಂದು ಯಾವುದರದೆಂದು ಯಾರಿಗೂ ಗೊತ್ತಿಲ್ಲ. ಹೆಡ್‌ಲೈಟು ಎರಡಾದವು, ಒಂದಕ್ಕಿಂತ ಒಂದು ದೊಡ್ಡದು. ಎದುರಿಗೆ ಬರುವವರಿಗೆ ಗಾಡಿ ಕಣ್ಣು ಹೊಡೆದಂತೆ ಕಾಣುತ್ತಿತ್ತು. ಗಾಡಿಯ ಸಾಮಾನೇ ಇಲ್ಲದ ಬಡ ನೆಂಟರೊಬ್ಬರು ಹೊಲಿಗೆ ಯಂತ್ರದ ಚಕ್ರ ಕೊಟ್ಟಿದ್ದರು. ಅದನ್ನು ಎಲ್ಲಿ ಹಾಕುವುದು? ಮಾವ ಅದನ್ನು ಹಿಂಬದಿಯಲ್ಲಿ ಹಗ್ಗ ಸುತ್ತಲು ಹಾಕಿಸಿದರು.

ಇದೆಲ್ಲ ನಡೆಯುತ್ತಿದ್ದದ್ದು ಗೊಬ್ಬರದ ಅಂಗಡಿಯ ಹಿಂದೆ. ಕಟ್ಟುವವರು ಮಾವ, ಮಾವ ಕಟ್ಟಿದ್ದನ್ನು ಬಿಚ್ಚಿ ಸರಿಯಾಗಿ ಕಟ್ಟುವವನು ಓಣಿಯ ಮಿಸ್ತ್ರಿ. ಆತ ಒಂದು ದಿನ ಸ್ಪ್ಯಾನರ್ ಕೆಳಗಿಟ್ಟು ಕೈಮುಗಿದ.

"ಸಾವ್ಕಾರ್ರ, ಒಂದು ನಟ್ಟು ಇನ್ನೊಂದು ಬೋಲ್ಟಿಗೆ ಒಗ್ಗವಲ್ದು. ಒಂದನ್ನ ಬಿಗಿ ಮಾಡಿದ್ರ ಇನ್ನೊಂದಕ್ಕ ಸಿಟ್ಟು ಬರ್ತೈತಿ. ಇದು ಗಾಡಿ ಅಲ್ರೀ, ಬೀಗರ ಬಳಗ!"

"ಬಳಗ ಹೆಂಗ ನಡೀತೈತೋ ಹಂಗ ಗಾಡೀನೂ ನಡೀತೈತಿ. ಎಣ್ಣಿ ಹಾಕು!" ಎಂದರು ಮಾವ.

ಎಲ್ಲಕ್ಕಿಂತ ದೊಡ್ಡ ಕೆಲಸ ಸೀಟಿನದು. ಗಾಡಿ ಕಟ್ಟಿದ್ದೇ ಅದಕ್ಕಾಗಿ. ಅತ್ತೆ ಒಂದು ಕಡೆ ಮುಖ ಮಾಡಿ, ಬೆನ್ನಿಗೆ ಆಸರೆ ಇಟ್ಟು, ಕಾಲು ಹಲಗೆಯ ಮೇಲೆ ಚಾಚಿ, ಮನೆಯ ಕಟ್ಟೆಯ ಮೇಲೆ ಕೂತಂತೆ ಕೂರಬೇಕು. ಲಿಂಗಸುಗೂರಿನ ಗುಜರಿಯಲ್ಲಿ ಚೆನ್ನಾಗಿರುವ ಸೀಟೊಂದು ಸಿಕ್ಕಿತೆಂದು ಮಾವ ಸಂಭ್ರಮದಿಂದ ತಂದು ಹಾಕಿಸಿದರು. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅತ್ತೆ ಹತ್ತಿ ಕೂತರು. ಮೂಗು ಅರಳಿಸಿದರು. ಸೆರಗು ಬಾಯಿಗೆ ಹೋಯಿತು. ಇಳಿದು ಚರಂಡಿಯ ಕಡೆ ಓಡಿದರು!

"ಎಲ್ಲಿದು ಸೀಟು?" ಎಂದೆ ನಾನು.

ಮಾವ ತಲೆ ಕೆರೆದುಕೊಂಡರು. "ಬಸ್ಸಿಂದು..."

ನಿಂತ ಗಾಡಿಯಲ್ಲಿ, ಬಯಲಿನಲ್ಲಿ ಕೂತು ವಾಂತಿ ಮಾಡಿಕೊಂಡವರು ಜಗತ್ತಿನಲ್ಲಿ ಅತ್ತೆ ಒಬ್ಬರೇ ಇರಬೇಕು. ಕೊನೆಗೆ ಹಳೆಯ ಸೀರೆಗಳನ್ನು ಪದರವಾಗಿ ಹೊಲಿದ ಕೌದಿಗಳನ್ನು ಮಡಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ ಸೀಟು ಮಾಡಿಸಿದರು. ಮಂಚದ ತಲೆಗಡೆಯ ಹಲಗೆ ಬೆನ್ನಿಗೆ ಬಂತು, ಹಿಡಿಯಲು ಎರಡು ಕಡೆ ಕೈಗಳು ಬಂದವು, ಬೀಳದಂತೆ ಸೊಂಟಕ್ಕೊಂದು ಪಟ್ಟಿಯೂ ಬಂತು. ಅತ್ತೆ ಕೂತು ಬಹಳ ಹೊತ್ತು ಇಳಿಯಲೇ ಇಲ್ಲ. ಅಲ್ಲೇ ಕೂತು ಮೆಂತ್ಯ ಸೊಪ್ಪು ಸೋಸಿದರು.

ಆದರೆ ಎಡಕ್ಕೆ ಮುಖ ಮಾಡಿ ಅತ್ತೆ ಕೂತರೆ ಗಾಡಿ ಎಡಕ್ಕೆ ವಾಲುತ್ತಿತ್ತು. ಮಾವ ಬಲಗಡೆ ಒಂದು ತಗಡಿನ ಪೆಟ್ಟಿಗೆ ಕಟ್ಟಿಸಿ, ಅದರಲ್ಲಿ ಕಲ್ಲು ತುಂಬಿ ಸಮ ಮಾಡಿದರು. ಅತ್ತೆಗೆ ಅದು ಹಿಡಿಸಲಿಲ್ಲ. "ಕಲ್ಲು ಹೊತ್ಕೊಂಡು ಯಾರರ ಅಕ್ಕನ ಮನೀಗೆ ಹೋಗ್ತಾರೇನ್ರೀ?" ಎಂದು ಕಲ್ಲು ತೆಗೆಸಿ, ಶೇಂಗಾ ಚಟ್ನಿಪುಡಿ, ಜೋಳದ ಹಿಟ್ಟು, ಕೆಂಪು ಖಾರ, ಸಜ್ಜೆ ರೊಟ್ಟಿ ತುಂಬಿಸಿದರು. ತೂಕ ಬರೋಬರಿ ಆಯಿತು.

ಪರೀಕ್ಷೆಗೆಂದು ಮಸ್ಕಿಯವರೆಗೆ ಹೋದಾಗ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಅವರದ್ದೇನೂ ತಪ್ಪಿಲ್ಲ, ಯಾರೇ ಆದರೂ ಹಿಡಿಯುತ್ತಿದ್ದರು. ಗಾಡಿಯನ್ನು ಸುತ್ತು ಹಾಕಿ ನೋಡಿದರು. ಕಾಗದಪತ್ರ ತಿರುವಿ ನೋಡಿದರು. ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದು ಗಂಭೀರವಾಗಿ ಕೂತಿದ್ದ ಅತ್ತೆಯನ್ನೂ ನೋಡಿದರು.

"ಯಾವ ಕಂಪನಿ ಗಾಡಿ ರೀ ಇದು?"

ಮಾವ ಒಂದೊಂದೇ ಸಾಮಾನು ಮುಟ್ಟಿ ತೋರಿಸುತ್ತಾ, ಇದು ತುರ್ವಿಹಾಳದ ಬೀಗರದು, ಇದು ಮಸ್ಕಿಯ ಚಿಕ್ಕಪ್ಪನದು, ಇದು ಲಿಂಗಸುಗೂರಿನ ಭಾವನದು ಎಂದು ವಂಶಾವಳಿ ಶುರುಮಾಡಿದರು. ಬಿಸಿಲು ನೆತ್ತಿಗೆ ಬಂತು. ಪೊಲೀಸರು ಕಾಗದ ಮಡಿಸಿ ಕೊಟ್ಟು, ಸ್ವಲ್ಪ ಸಂಕೋಚದಿಂದ ದನಿ ತಗ್ಗಿಸಿದರು. "ನಮ್ಮ ಮನ್ಯಾಗ ಒಂದು ಹಳೇ ಮಡಗಾರ್ಡ್ ಬಿದ್ದೈತ್ರಿ. ಬೇಕೇನ್ರಿ?"

ಅಂತೂ ಹೊರಡುವ ದಿನ ಬಂತು. ಗಾಡಿ ಕೆಟ್ಟರೆ ಇರಲಿ ಎಂದು ನಾನು ರಜೆ ಹಾಕಿ, ನನ್ನ ಕಾರಿನಲ್ಲಿ ಟ್ಯೂಬು, ಹಗ್ಗ, ಪೆಟ್ರೋಲಿನ ಕ್ಯಾನು ತುಂಬಿಕೊಂಡು ಹಿಂದೆ ಹೊರಟೆ. ಎತ್ತಿನ ಬಂಡಿಗಳು ನನ್ನನ್ನು ದಾಟಿ ಹೋದವು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಆದರೆ ಒಂದೆರಡು ದಾಟಿದ್ದು ನಿಜ. ಅತ್ತೆ ಎಡಕ್ಕೆ ತಿರುಗಿ ರಾಣಿಯಂತೆ ಕೂತಿದ್ದರು. ಕಾಲುವೆಯ ನೀರು, ಭತ್ತದ ಗದ್ದೆ, ಆಮೇಲೆ ತೊಗರಿಯ ಹೊಲ, ಎಲ್ಲವೂ ಅವರೆದುರು ಸಾಲಾಗಿ ಹಾಯುತ್ತಿದ್ದವು. ಬಲಗಡೆ ಏನಿದೆ ಎಂದು ಅವರಿಗೆ ಗೊತ್ತಾಗುವಂತಿರಲಿಲ್ಲ. ನಾನು ಕೇಳಿದ್ದಕ್ಕೆ, "ಅದನ್ನ ಬರಾಗ ನೋಡ್ತೀನಪಾ, ಎಲ್ಲಾ ಒಮ್ಮೆ ನೋಡಿದ್ರ ಹೆಂಗ?" ಎಂದರು.

ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಗಾಡಿಯ ನೆಂಟರಲ್ಲಿ ಹಲವರು ಆ ದಾರಿಯ ಮೇಲೇ ಇದ್ದರು! ಮಸ್ಕಿಯಲ್ಲಿ ಚಿಕ್ಕಪ್ಪ ರಸ್ತೆಯ ನಡುವೆಯೇ ನಿಂತಿದ್ದರು. "ನಮ್ಮ ಹ್ಯಾಂಡಲ್ಲು ನಮ್ಮ ಮನೀ ಮುಂದ ಹಾದು ಹೋಗ್ತೈತಿ, ಒಳಗ ಬರಲಾರದ ಹೋಗ್ತೈತೇನು?" ಹ್ಯಾಂಡಲ್ಲು ಒಳಗೆ ಹೋಯಿತು. ಹ್ಯಾಂಡಲ್ಲಿನ ಹಿಂದೆ ಉಳಿದದ್ದೂ ಹೋಗಲೇಬೇಕಲ್ಲ? ಹೋಳಿಗೆ ಆಯಿತು. ಹೊರಡುವಾಗ ಸೊಲ್ಲಾಪುರದ ಅಕ್ಕನಿಗೆಂದು ಒಂದು ಗಂಟು ಬಂತು, ಬಲಗಡೆಯ ಪೆಟ್ಟಿಗೆಗೆ ಸೇರಿತು. ಗಾಡಿ ಬಲಕ್ಕೆ ವಾಲಿತು. ಮಾವ ತೂಗಿ ನೋಡಿ ಗಂಭೀರವಾಗಿ ಹೇಳಿದರು: "ಇಕಿಗೆ ಇನ್ನೊಂದು ಹೋಳಿಗಿ ಹಾಕ್ರಿ, ಸಮ ಆಗ್ತೈತಿ!"

ಲಿಂಗಸುಗೂರಿನ ಎಂಜಿನ್ನಿನ ಮನೆಯಲ್ಲಿಯೂ ಅದೇ ಕಥೆ. ಅಲ್ಲಿ ಗಂಟು ಇನ್ನೂ ದೊಡ್ಡದು, ಹೋಳಿಗೆಯೂ ಇನ್ನೂ ದೊಡ್ಡವು. ಬೆಳಿಗ್ಗೆ ಹೊರಟವರು ಅಂದು ನನ್ನ ಮನೆಯ ತನಕ ಬಂದು, ಅಲ್ಲೇ ಮಲಗಿದೆವು. ಅಷ್ಟೇ ದಾರಿಯನ್ನು ದಿನವೂ ಬಸ್ಸಿನಲ್ಲಿ ಓಡಾಡುವವರಿದ್ದಾರೆ. ಅವರು ನಡುವೆ ಚಹಾಕ್ಕೂ ಇಳಿಯುವುದಿಲ್ಲ. ಲಿಂಗಸುಗೂರಿನಿಂದ ಆಚೆಗೆ ಗಾಡಿಗೆ ನೆಂಟರಿಲ್ಲ. ದೇವರು ದೊಡ್ಡವನು. ಮರುದಿನ ನಸುಕಿನಲ್ಲೇ ಹೊರಟು ವಿಜಯಪುರ ದಾಟಿ, ಅಲ್ಲಲ್ಲಿ ಮರದ ನೆರಳಿನಲ್ಲಿ ಎಂಜಿನ್ನಿಗೂ ಅತ್ತೆಗೂ ವಿಶ್ರಾಂತಿ ಕೊಡುತ್ತಾ, ಹೊತ್ತು ಇಳಿಯುವ ಮೊದಲೇ ಸೊಲ್ಲಾಪುರದ ಓಣಿಗೆ ಬಂದೆವು.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ಬೆಳಿಗ್ಗೆಯಿಂದ ಹಾಗೇ ನಿಂತಿದ್ದಾರೆ ಎಂದು ಸೊಸೆ ಹೇಳಿದಳು. ಅತ್ತೆ ಇಳಿಯಲು ಹೋದರೆ ಕಾಲು ಜೋಮು ಹಿಡಿದಿದ್ದವು, ಆಗಲಿಲ್ಲ. ಅಕ್ಕ ಮೆಟ್ಟಿಲಿಳಿದು ಬಂದು, ಹಲಗೆಯ ಮೇಲಿದ್ದ ತಂಗಿಯ ಪಾದಗಳನ್ನು ಎರಡೂ ಕೈಯಿಂದ ತಿಕ್ಕತೊಡಗಿದರು.

"ಅಯ್ಯ ಅಕ್ಕಾ! ದೊಡ್ಡಾಕಿ ನೀ, ನನ್ನ ಕಾಲು ಮುಟ್ಟಬ್ಯಾಡಬೇ!"

"ಸುಮ್ನ ಕುಂದ್ರು."

ಅತ್ತೆ ಹಿಂದಕ್ಕೆ ಒರಗಿ ಕೂತರು. ಹೆಲ್ಮೆಟ್ಟಿನ ಒಳಗೆ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಕೊನೆಗೆ ಅಷ್ಟೊಂದು ವರ್ಷಗಳ ಮೇಲೆ ಅಕ್ಕನಿಗೆ ಹೇಳಿದ ಮೊದಲ ಸಮಾಚಾರ ಇದು: "ಒಂಚೂರೂ ಹೊಟ್ಟಿ ತೊಳಸಲಿಲ್ಲ ನೋಡಕ್ಕಾ."

ಅಲ್ಲಿದ್ದ ದಿನಗಳಲ್ಲಿ ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಉಂಡರು, ಯಾರು ಹೆಚ್ಚು ಸೊರಗಿದ್ದಾರೆಂದು ಜಗಳವಾಡಿದರು, ಬಾಲ್ಯದ ಯಾವುದೋ ಮುರಿದ ಬಳೆಯ ತಕರಾರನ್ನು ಎತ್ತಿ ಮಾತು ಬಿಟ್ಟು ಮತ್ತೆ ಕೂಡಿದರು. ಮಾವ ಓಣಿಯವರಿಗೆಲ್ಲ ಗಾಡಿ ತೋರಿಸಿದರು. ಹೊರಡುವ ದಿನ ಬೆಳಿಗ್ಗೆ ಮಾವ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅಕ್ಕ ಹೊರಗೆ ಬಂದು, ನಿಂತ ಗಾಡಿಯ ಸೀಟಿನ ಮೇಲೆ ಮೆಲ್ಲನೆ ಹತ್ತಿ ಕೂತರು. ಕೌದಿಯ ಮೆತ್ತೆ ಒತ್ತಿ ನೋಡಿದರು. ಬೆನ್ನು ಒರಗಿಸಿದರು.

"ಇಲ್ಲಿಂದ ಪಾಮನಕಲ್ಲೂರು ಯಾವ ದಿಕ್ಕಿಗೆ ಬರತೈತ್ರಿ?" ಎಂದು ಕೇಳಿದರು.

ಮಾವ ಕೈ ತೋರಿಸಿದರು. ಅಕ್ಕ ಆ ಕಡೆ ನೋಡುತ್ತಾ ಕೂತರು. ಅಲ್ಲಿ ಎದುರು ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದರು. ಲೋಟ ಕೆಳಗಿಟ್ಟು ಮಾವನ ಹತ್ತಿರ ಬಂದರು.

"ಏನ್ರೀ, ಒಂದು ಕೇಳಲೇನು?"

ಮಾವ ತಲೆ ಎತ್ತಿದರು.

"ಈ ಸಲ ಅಕ್ಕನ್ನ ಕುಂದ್ರಿಸ್ಕೊಂಡು ಹೋಗ್ರಿ. ಪಾಮನಕಲ್ಲೂರಾಗ ತಮ್ಮನ ಮನೀಗೆ ಮುಟ್ಟಿಸಿ, ತಿರುಗಿ ಬಂದು ನನ್ನ ಕರಕೊಂಡು ಹೋಗ್ರಿ. ಅಲ್ಲಿತನಕ ನಾ ಇಲ್ಲೇ ಇರ್ತೀನಿ. ಅವ್ವ ಹೋದಮ್ಯಾಲ ನಾವಿಬ್ಬರೂ ಕೂಡಿ ಆ ಮನ್ಯಾಗ ಒಂದ ಹೊತ್ತು ಉಂಡಿಲ್ರೀ."

ನಾನು ಗಣಿತದ ಮೇಷ್ಟ್ರು. ಹುಲಿ, ಆಡು, ಹುಲ್ಲಿನ ಹೊರೆಯನ್ನು ಒಂದೇ ದೋಣಿಯಲ್ಲಿ ದಾಟಿಸುವ ಲೆಕ್ಕವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅಕ್ಕನನ್ನು ಒಯ್ಯಬೇಕು, ಖಾಲಿ ಬರಬೇಕು, ಅತ್ತೆಯನ್ನು ಒಯ್ಯಬೇಕು. ಉಂಡಾದ ಮೇಲೆ ಅಕ್ಕನನ್ನು ತಿರುಗಿ ಸೊಲ್ಲಾಪುರಕ್ಕೆ ತಂದು ಬಿಟ್ಟು, ಮತ್ತೆ ಖಾಲಿ ಹೋಗಬೇಕು! ಮಾವನನ್ನು ಪಕ್ಕಕ್ಕೆ ಕರೆದೆ.

"ಮಾವ, ಇದು ಆಗೋ ಮಾತಲ್ಲ. ಗಾಡಿ ತಡ್ಯಾಂಗಿಲ್ಲ, ನಿಮ್ಮ ಬೆನ್ನೂ ತಡ್ಯಾಂಗಿಲ್ಲ. ಮುಂದಿನ ವರ್ಷ ನೋಡೋಣು ಅಂತ ಹೇಳ್ರಿ."

ಮಾವ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಅತ್ತೆಯ ಕಡೆ ನೋಡಿದರು. ಅತ್ತೆ ಆಗಲೇ ಅಕ್ಕನ ತಲೆಗೆ ತಮ್ಮ ಹೆಲ್ಮೆಟ್ಟು ಹಾಕಿ, ಅದರ ಮೇಲೆ ಸೆರಗು ಸರಿಮಾಡುತ್ತಿದ್ದರು.

"ಅಳಿಯಾ," ಎಂದರು ಮಾವ, ಯಾವತ್ತೂ ಇಲ್ಲದಷ್ಟು ಸಣ್ಣ ದನಿಯಲ್ಲಿ. "ಇಕಿ ನನ್ನ ಮನೀಗೆ ಬಂದಾಗಿಂದ ಒಂದ ದಿನಾನೂ ನನಗ ಇಂಥಾದ್ದು ಬೇಕು ಅಂತ ಬಾಯಿ ಬಿಟ್ಟು ಕೇಳಿಲ್ಲ. ಅಕ್ಕನ ಕಡೆ ಕರಕೊಂಡು ಹೋಗ್ರಿ ಅಂತನೂ ಕೇಳಿಲ್ಲ. ಇವತ್ತ ಕೇಳ್ಯಾಳ. ಈಗ ನಾ ನೋಡೋಣು ಅಂದ್ರ, ಮತ್ತ ಎಂದೂ ಕೇಳಾಂಗಿಲ್ಲ."

ಆ ಮಾತು ಕೇಳಿ ನನಗೆ ಅಳು ಬಂತು. ಮಾವನಿಗೆ ಕಾಣದಂತೆ ಕಾರಿನ ಕಡೆ ತಿರುಗಿ, ಪೆಟ್ರೋಲಿನ ಕ್ಯಾನು ಇಳಿಸತೊಡಗಿದೆ.